ಹೆದ್ದಾರಿ ಪಕ್ಕದ ಜೌಗು ಉಳಿಸಲು ನಾನು ನೀರಿನ ದಾರಿ ಹಾಕುವ ಬಗೆ

ಹೆದ್ದಾರಿ ವಿನ್ಯಾಸದಲ್ಲಿ ಚರಂಡಿಯ ನಕ್ಷೆ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅಲೈನ್‌ಮೆಂಟ್, ಅಂದರೆ ರಸ್ತೆ ಸಾಗುವ ಗೆರೆ, ಒಮ್ಮೆ ಜೌಗಿನ ಮೇಲೆ ಕೂತುಬಿಟ್ಟರೆ, ಆಮೇಲೆ ಎಂಥ ಚರಂಡಿ ಕೊಟ್ಟರೂ ಹೋದದ್ದು ವಾಪಸ್ ಬರುವುದಿಲ್ಲ.

ಮೊದಲು ನೀರಿನ ಲೆಕ್ಕ. ಒಂದು ಹೆಕ್ಟೇರ್ ಡಾಂಬರಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್. ಅದರಲ್ಲಿ ಸುಮಾರು 90,000 ಲೀಟರ್ ಹರಿದೇ ಹೋಗುತ್ತದೆ. ಜೊತೆಗೆ ಟೈರ್ ಸವೆದ ಪುಡಿಯ ಸತು, ಬ್ರೇಕಿನ ತಾಮ್ರ, ಎಣ್ಣೆ. ಮಳೆಯ ಮೊದಲ ಹರಿವಿನಲ್ಲೇ ಈ ಕೊಳೆ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಸಣ್ಣ ಹೂಳಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಜಾಗ ಸಿಕ್ಕ ಕಡೆಯೆಲ್ಲ ಪೈಪ್ ಬಿಟ್ಟು, ಕಡಿಮೆ ಇಳಿಜಾರಿನ ಹುಲ್ಲುಗಾಲುವೆ ಹಾಕುತ್ತೇನೆ, ನೀರು ನಿಧಾನವಾಗಿ ಹರಿದು ಹೂಳು ತಳಕ್ಕೆ ಕೂರಲಿ ಎಂದು. ಅದರ ತುದಿಗೆ ಹೂಳುಗುಂಡಿ, ಆಮೇಲೆ ಜೊಂಡು ನೆಟ್ಟ ಕೊಳ. ಟ್ಯಾಂಕರ್ ಮಗುಚಿದರೆ ತಕ್ಷಣ ಮುಚ್ಚಲು ಒಂದು ಗೇಟ್ ಇರಲೇಬೇಕು. ಇದ್ದ ಜೌಗನ್ನೇ ಸೋಸುವ ಕೊಳವಾಗಿ ಬಳಸೋಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೆ ನೀರು ಶುದ್ಧವಾದರೆ ಸಾಲದು. ಜೌಗಿಗೆ ತುಂಬುವ ಕಾಲ, ಒಣಗುವ ಕಾಲ ಎಂದು ಇರುತ್ತದೆ. ಬೇಸಿಗೆಯಲ್ಲಿ ಒಣಗಬೇಕಾದ ಹೊಂಡಕ್ಕೆ ವರ್ಷವಿಡೀ ನೀರು ಬಿಟ್ಟರೆ ಮೀನು ಸೇರಿಕೊಂಡು ಕಪ್ಪೆಮರಿಗಳನ್ನು ತಿಂದುಹಾಕುತ್ತದೆ. ಅದಕ್ಕೇ ವಿನ್ಯಾಸಕ್ಕೆ ಮುಂಚೆ ಎಲ್ಲ ಕಾಲದಲ್ಲೂ ನೀರಿನ ಮಟ್ಟ ಅಳೆಸುತ್ತೇನೆ. ಕೊಳದಿಂದ ಹೊರಬಿಡುವ ಕಿಂಡಿಯ ಅಳತೆ ಆ ದಾಖಲೆಯನ್ನು ನೋಡಿಯೇ ನಿರ್ಧಾರವಾಗುತ್ತದೆ.

ರಸ್ತೆಯ ಏರಿಯೂ ಅಷ್ಟೇ ಅಪಾಯ. ನೆಲದ ಮೇಲೆ ತೆಳ್ಳಗೆ ಹರಡಿ ಬರುವ ನೀರನ್ನು ಅದು ತಡೆದರೆ ಒಂದು ಕಡೆ ಮುಳುಗುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ಒಂದೇ ದೊಡ್ಡ ಮೋರಿ ಅಗ್ಗ, ನಿಜ. ಆದರೆ ಹರಡಿದ್ದ ನೀರೆಲ್ಲ ಒಂದೇ ಕಡೆ ನುಗ್ಗಿ ನೆಲ ಕೊರೆಯುತ್ತದೆ ಅಲ್ವಾ? ನಾನು ಸಣ್ಣ ಮೋರಿಗಳನ್ನು ಸಾಲಾಗಿ ಕೊಡುತ್ತೇನೆ. ಮೆತ್ತನೆ ನೆಲವಿದ್ದರೆ ಏರಿಯ ಬುಡಕ್ಕೆ ಜಲ್ಲಿಯ ಪದರವನ್ನೂ ಹಾಕಿಸುತ್ತೇನೆ, ನೀರು ಅದರೊಳಗೆ ಜಿನುಗಿ ದಾಟಲಿ ಎಂದು.

ಅತಿ ಹೆಚ್ಚು ಹೂಳು ಬರುವುದು ಮಣ್ಣಿನ ಕೆಲಸ ನಡೆಯುವಾಗ. ಆದ್ದರಿಂದ ಕೊಳಗಳನ್ನೇ ಮೊದಲು ತೋಡಿಸಿ, ಕೆಲಸ ಮುಗಿದ ಮೇಲೆ ಹೂಳು ತೆಗೆಸಿ ಜೊಂಡು ನೆಡಿಸುತ್ತೇನೆ. ಹೂಳುಗುಂಡಿಯವರೆಗೆ ಜೆಸಿಬಿ ಹೋಗುವ ದಾರಿ ನಕ್ಷೆಯಲ್ಲಿ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.