ಹಂದಿಗೆ ಲೆವೆಲ್ ಬೇಡ, ಘಾಟಿಗೆ ಬೇಕು

ನಾವು ಕಟ್ಟುತ್ತಿರುವ ಕಂಪ್ಯೂಟರ್ ಆಟದಲ್ಲಿ ಕಾಡುಹಂದಿ ಬಲಿಯುವುದಿಲ್ಲ. ಆಟಗಾರ ಒಂದನೇ ಲೆವೆಲ್‌ನಲ್ಲಿರಲಿ (ಆಡುತ್ತಾ ಆಡುತ್ತಾ ಅವನು ಏರುವ ದರ್ಜೆಯೇ ಲೆವೆಲ್), ಇಪ್ಪತ್ತನೇ ಲೆವೆಲ್‌ನಲ್ಲಿರಲಿ, ರಾತ್ರಿ ಗದ್ದೆಗೆ ನುಗ್ಗುವ ಹಂದಿಯ ಹೆಲ್ತ್, ಅಂದರೆ ಏಟು ತಾಳಿಕೊಳ್ಳುವ ಶಕ್ತಿ, 40. ಹೇಳುವುದಕ್ಕೆ ಸಣ್ಣ ಸಂಗತಿ. ಆದರೆ ಶತ್ರುಗಳು ಆಟಗಾರನ ಜೊತೆಜೊತೆಗೇ ಬೆಳೆಯಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ನಾವು ಬಿಡಿಸಿಕೊಂಡದ್ದು ಈ ಹಂದಿಯನ್ನು ಮುಂದಿಟ್ಟುಕೊಂಡೇ.

ನಾವು ಎಂದರೆ ನಾನು ಮತ್ತು ನನ್ನ ಭಾವಮೈದುನ. ಇಬ್ಬರೂ ಶಿವಮೊಗ್ಗದವರು. ನಾನು ಕೋಡ್ ಬರೆಯುತ್ತೇನೆ, ಅವನು ಚಿತ್ರ ಬರೆಯುತ್ತಾನೆ. ಸಂಜೆ ಹೊತ್ತು, ರಜಾದಿನಗಳಲ್ಲಿ ಕುಳಿತು ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶ ಬಳಸಿ ಒಂದು ಫ್ಯಾಂಟಸಿ ಆರ್‌ಪಿಜಿ, ಅಂದರೆ ಪಾತ್ರವೊಂದನ್ನು ಬೆಳೆಸುತ್ತಾ ಆಡುವ ಆಟ, ಕಟ್ಟುತ್ತಿದ್ದೇವೆ. ಕಥೆ ನಡೆಯುವುದು ಕೆಳದಿ ಅರಸರ ಕಾಲದ ಮಲೆನಾಡನ್ನು ಹೋಲುವ ಒಂದು ನಾಡಿನಲ್ಲಿ. ಊರುಗಳ ಹೆಸರು ಬದಲಿಸುವ ಗೋಜಿಗೆ ಹೋಗಿಲ್ಲ: ಇಕ್ಕೇರಿಯ ಪೇಟೆ, ನಗರದ (ಹಳೆಯ ಬಿದನೂರಿನ) ಅರಮನೆ, ಹುಲಿಕಲ್ ಘಾಟಿ, ಕವಲೇದುರ್ಗದ ಕೋಟೆ ಎಲ್ಲವೂ ಇವೆ. ಮೆಣಸು ಹೊತ್ತು ಘಟ್ಟ ಇಳಿಯುವ ಹೇರೆತ್ತುಗಳು, ಅವುಗಳ ಮೇಲೆ ಕಣ್ಣಿಟ್ಟ ದರೋಡೆಕೋರರು, ಹಾಳು ಗುಡಿಯಲ್ಲೊಬ್ಬ ಬ್ರಹ್ಮರಾಕ್ಷಸ. ಇತಿಹಾಸ ಕಲಿಸುವ ಉದ್ದೇಶ ನಮಗಿಲ್ಲ.

ಆಟಗಾರನನ್ನು ಎಲ್ಲಿಗೆ ಬೇಕಾದರೂ ಹೋಗಲು ಬಿಡುವ ಆಟಗಳಿಗೆಲ್ಲ ಒಂದೇ ತಲೆನೋವು. ಅವನು ಮೊದಲು ಆಗುಂಬೆಯ ಕಡೆ ಹೋಗುತ್ತಾನೋ ಸಾಗರದ ಕಡೆಗೋ ಗೊತ್ತಿಲ್ಲ. ತಪ್ಪು ದಿಕ್ಕಿಗೆ ಹೋದರೆ ಒಂದೇ ಏಟಿಗೆ ಸಾಯುತ್ತಾನೆ. ತಡವಾಗಿ ಹೋದರೆ ಅಲ್ಲಿನ ಶತ್ರುಗಳೆಲ್ಲ ನೊಣದಂತೆ ಉದುರುತ್ತಾರೆ. 2001ರ ಗಾಥಿಕ್‌ನಂತಹ ಆಟಗಳು ‘ಸತ್ತರೆ ಸಾಯಲಿ, ಬುದ್ಧಿ ಬರುತ್ತದೆ’ ಎಂದು ಬಿಟ್ಟುಬಿಟ್ಟವು. ಲೆವೆಲ್ ಸ್ಕೇಲಿಂಗ್ ಎಂಬುದು ಇದಕ್ಕೆ ತದ್ವಿರುದ್ಧವಾದ ಪರಿಹಾರ: ಆಟಗಾರನ ಲೆವೆಲ್ ನೋಡಿ ಶತ್ರುವಿನ ಬಲವನ್ನು ಆಟವೇ ಲೆಕ್ಕ ಹಾಕಿಕೊಳ್ಳುತ್ತದೆ.

ಈ ಪರಿಹಾರಕ್ಕೆ ಕೆಟ್ಟ ಹೆಸರು ತಂದದ್ದು 2006ರ ಆಬ್ಲಿವಿಯನ್ ಎಂಬ ಆಟ. ನಾನು ಅದನ್ನು ಬಹಳ ಇಷ್ಟಪಟ್ಟು ಆಡಿದವನೇ. ಆದರೂ ಹೇಳಬೇಕು: ಆಟದ ಕೊನೆಕೊನೆಗೆ ಆ ನಾಡಿನ ದಾರಿಗಳ್ಳರು ರಾಜರಿಗೂ ಸಿಗದ ದುಬಾರಿ ಗಾಜಿನ ಕವಚ ತೊಟ್ಟುಕೊಂಡು ಬಂದು ಪುಡಿಗಾಸಿಗೆ ಅಡ್ಡಗಟ್ಟುತ್ತಾರೆ. ಆ ಕವಚ ಮಾರಿದರೆ ಅವರಿಗೆ ಕಳ್ಳತನವೇ ಬೇಡ. ನಗು ಬರುವ ಈ ದೃಶ್ಯಕ್ಕಿಂತ ಅದರ ಲೆಕ್ಕದೊಳಗಿನ ತೊಡಕು ದೊಡ್ಡದು. ಅಲ್ಲಿ ಏಳು ಮುಖ್ಯ ಕೌಶಲಗಳಿರುತ್ತವೆ. ಅವುಗಳಲ್ಲಿ ಒಟ್ಟು ಹತ್ತು ಏರಿಕೆಗಳಾದ ಮೇಲೆ ಮಲಗಿ ಎದ್ದರೆ ಒಂದು ಲೆವೆಲ್ ಮೇಲೆ. ಆ ಏಳರಲ್ಲಿ ವ್ಯಾಪಾರ, ಮಾತುಗಾರಿಕೆಗಳನ್ನು ಆರಿಸಿಕೊಂಡವನು ಚೌಕಾಸಿ ಮಾಡಿಯೇ ಲೆವೆಲ್ ಏರುತ್ತಾನೆ. ಕತ್ತಿ ಹಿಡಿಯಲು ಅವನಿಗೆ ಬರುವುದಿಲ್ಲ. ಕಾಡಿನ ಪ್ರಾಣಿಗಳು ಮಾತ್ರ ಅವನ ಲೆವೆಲ್‌ಗೆ ತಕ್ಕಂತೆ ಬಲಿತಿರುತ್ತವೆ. ಹೀಗಾಗಿ ಲೆವೆಲ್ ಏರದಿರುವುದೇ ಜಾಣತನ ಎಂಬ ವಿಚಿತ್ರ ತಂತ್ರ ಆಟಗಾರರ ನಡುವೆ ಹುಟ್ಟಿತು. 1999ರ ಫೈನಲ್ ಫ್ಯಾಂಟಸಿ 8ರಲ್ಲೂ ಇದೇ ಕಥೆ. ಶತ್ರುಗಳ ಲೆವೆಲ್ ನಮ್ಮ ತಂಡದ ಸರಾಸರಿ ಲೆವೆಲ್ ಹಿಡಿದು ನಿಲ್ಲುತ್ತಿತ್ತು. ಬಲ ಬರುತ್ತಿದ್ದದ್ದು ಮಾತ್ರ ಹೆಚ್ಚಾಗಿ ಸಂಗ್ರಹಿಸಿದ ಮಂತ್ರಗಳಿಂದ. ತಿಳಿದವರು ಶತ್ರುಗಳನ್ನು ಕೊಲ್ಲದೆ ಇಸ್ಪೀಟಿನಂತಹ ಎಲೆಗಳನ್ನಾಗಿ ಮಾರ್ಪಡಿಸಿ, ಅನುಭವದ ಅಂಕ ಬಾರದಂತೆ ನೋಡಿಕೊಂಡು ಸುಖವಾಗಿ ಮುಂದೆ ಸಾಗುತ್ತಿದ್ದರು.

ಇಷ್ಟು ಗೊತ್ತಿದ್ದರೂ ಪೂರ್ತಿ ಸ್ಕೇಲಿಂಗ್ ಇರುವ ಒಂದು ಪ್ರತಿಯನ್ನು ಬೇಕೆಂದೇ ಮಾಡಿದೆ. ಅಳತೆ ಮಾಡದೆ ಬೈಯುವುದು ನನಗೆ ಸರಿಬರುವುದಿಲ್ಲ. ಒಂದನೇ ಲೆವೆಲ್‌ನಲ್ಲಿ ಆಟಗಾರನ ಒಂದು ಏಟಿಗೆ ಶತ್ರುವಿನ ಹೆಲ್ತ್ 10 ಇಳಿಯುತ್ತದೆ, ಪ್ರತಿ ಲೆವೆಲ್‌ಗೆ 4 ಹೆಚ್ಚು. ಹಂದಿಗೆ ಹೆಲ್ತ್ 40, ಪ್ರತಿ ಲೆವೆಲ್‌ಗೆ 20 ಹೆಚ್ಚು. ನಾನು ನೋಡುವುದು ಹೆಲ್ತ್ ಎಷ್ಟು ಎಂದಲ್ಲ, ಎಷ್ಟು ಏಟಿಗೆ ಬೀಳುತ್ತದೆ ಎಂದು. ಒಂದನೇ ಲೆವೆಲ್‌ನಲ್ಲಿ ನಾಲ್ಕು ಏಟು. ಹತ್ತರಲ್ಲಿ ಏಟಿಗೆ 46, ಹಂದಿಗೆ 220, ಐದು ಏಟು. ಇಪ್ಪತ್ತರಲ್ಲಿ 86 ಮತ್ತು 420. ಆಗಲೂ ಐದು ಏಟು. ಪರದೆಯ ಮೇಲೆ ಸಂಖ್ಯೆಗಳು ದೊಡ್ಡದಾಗುತ್ತವೆ, ಸದ್ದು ಜೋರಾಗುತ್ತದೆ, ಆದರೆ ನಾಲ್ಕು ಏಟಿಗೆ ಬೀಳುತ್ತಿದ್ದ ಹಂದಿಗೆ ಈಗ ಐದು ಬೇಕು. ಇನ್ನು ನಮ್ಮ ಆಟದ ನಾಟಿ ವೈದ್ಯನ ಪಾಡು ನೋಡಿ. ಬೇರು ನಾರು ಅಗೆದು, ಕಷಾಯ ಕಾಯಿಸಿ ಲೆವೆಲ್ ಏರುವ ಅವನ ಏಟಿಗೆ ಪ್ರತಿ ಲೆವೆಲ್‌ಗೆ 1 ಮಾತ್ರ ಸೇರುತ್ತದೆ. ಹತ್ತನೇ ಲೆವೆಲ್‌ನಲ್ಲಿ ಅವನ ಏಟು 19. ಅದೇ ಹಂದಿಯನ್ನು ಕೆಡವಲು ಅವನಿಗೆ ಹನ್ನೆರಡು ಏಟು ಬೇಕು. ವಿದ್ಯೆ ಕಲಿತದ್ದಕ್ಕೆ ದಂಡ ಕಟ್ಟಿದಂತಾಯಿತು.

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ನಮ್ಮ ಆಟದ ಮೊದಲ ಪರೀಕ್ಷಕ ಅವನೇ. ಆ ಪ್ರತಿಯನ್ನು ಅವನ ಕೈಗೆ ಕೊಟ್ಟು ಏನೂ ಹೇಳದೆ ಪಕ್ಕದಲ್ಲಿ ಕುಳಿತೆ. ಹೊಸ ಕತ್ತಿ ಸಿಕ್ಕಿದ ಕೂಡಲೇ ಅವನು ಮಾಡಿದ ಕೆಲಸ ಕುತೂಹಲದ್ದು: ಮುಂದಿನ ಊರಿಗೆ ಹೋಗಲಿಲ್ಲ, ಮೊದಲ ಊರಿನ ಗದ್ದೆಗೆ ವಾಪಸು ಬಂದ. ಹಂದಿಯನ್ನು ಹುಡುಕಿ ಹೊಡೆದ. ಅದು ಬೀಳಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಹೊಡೆದ. ಆಮೇಲೆ ಮೌಸ್ ಕೆಳಗಿಟ್ಟು, “ಮಾವ, ಇದೂ ನನ್ನ ಜೊತೆ ಟ್ಯೂಶನ್‌ಗೆ ಹೋಗುತ್ತಿತ್ತಾ?” ಎಂದು ಕೇಳಿದ. ನಾನು ಬರೆದಿಟ್ಟುಕೊಂಡಿದ್ದ ಕೋಷ್ಟಕಕ್ಕಿಂತ ಅವನು ಹಿಂದೆ ತಿರುಗಿ ಬಂದದ್ದೇ ನನಗೆ ಹೆಚ್ಚು ಕಲಿಸಿತು. ತನ್ನ ಬಲವನ್ನು ಅಳೆದುಕೊಳ್ಳಲು ಆಟಗಾರನಿಗೆ ಬದಲಾಗದ ಒಂದು ವಸ್ತು ಬೇಕು. ಈಗಿನ ಪ್ರತಿಯಲ್ಲಿ ಒಂಬತ್ತನೇ ಲೆವೆಲ್‌ಗೆ ಏಟು 42 ಆಗುತ್ತದೆ. ಹಂದಿ ಒಂದೇ ಏಟಿಗೆ ಉರುಳುತ್ತದೆ. ಅವನು ಮತ್ತೆ ಗದ್ದೆಗೆ ಹೋಗಿ ನೋಡಿದ, ಇನ್ನೊಂದು ಹಂದಿಗಾಗಿ ಕಾದು ಕುಳಿತ.

ಹಾಗೆಂದು ಸ್ಕೇಲಿಂಗನ್ನೇ ಕಿತ್ತೆಸೆಯಲಿಲ್ಲ. ಅದನ್ನು ಪ್ರಾಣಿಗಳಿಂದ ತೆಗೆದು ಜಾಗಕ್ಕೆ ಕಟ್ಟಿದೆವು. ಇದು ನಮ್ಮ ಸ್ವಂತ ಕಲ್ಪನೆಯಲ್ಲ. 2011ರ ಸ್ಕೈರಿಮ್‌ನಲ್ಲಿ ಪ್ರತಿ ಗವಿಗೂ ಕೋಟೆಗೂ ತನ್ನದೇ ವಲಯವಿದೆ. ವಲಯಕ್ಕೆ ಕನಿಷ್ಠ ಲೆವೆಲ್ ಗೊತ್ತುಮಾಡಬಹುದು, ನೀವು ಮೊದಲ ಸಲ ಕಾಲಿಟ್ಟಾಗ ಅಲ್ಲಿನ ಲೆವೆಲ್ ಗಟ್ಟಿಯಾಗಿ ನಿಲ್ಲುತ್ತದೆ. 2009ರ ಡ್ರ್ಯಾಗನ್ ಏಜ್ ಮೊದಲ ಭಾಗದ್ದೂ ಹೆಚ್ಚುಕಡಿಮೆ ಇದೇ ದಾರಿ. ನಮ್ಮ ಹುಲಿಕಲ್ ಘಾಟಿಗೆ ತಳ 6, ಮೇಲ್ಮಿತಿ 12. ಮೂರನೇ ಲೆವೆಲ್‌ನ ಹುಡುಗ ಉತ್ಸಾಹದಲ್ಲಿ ಘಾಟಿ ಇಳಿಯಲು ಹೋದರೆ ಆರನೇ ಲೆವೆಲ್‌ನ ಕಳ್ಳರು ಕಾದಿರುತ್ತಾರೆ. ಹೊಡೆತ ತಿಂದು ಓಡಿ ಬರುತ್ತಾನೆ. ಒಂಬತ್ತರಲ್ಲಿ ಹೋದರೆ ಸರಿಸಮ. ಇಪ್ಪತ್ತರಲ್ಲಿ ಹೋದವನಿಗೆ ಹನ್ನೆರಡನೆಯವರೇ ಎದುರಾಗುತ್ತಾರೆ. ಅವನು ಮೀಸೆ ತಿರುವಿಕೊಂಡು ದಾಟಬಹುದು. ಕೋಡ್‌ನಲ್ಲಿ ಇದು ಕ್ಲ್ಯಾಂಪ್ ಎಂಬ ಒಂದೇ ಕರೆ: ಆಟಗಾರನ ಸಂಖ್ಯೆ ಕೊಟ್ಟು, ತಳ ಮತ್ತು ಮೇಲ್ಮಿತಿ ಕೊಟ್ಟರೆ ನಡುವಿನ ಬೆಲೆ ವಾಪಸು ಬರುತ್ತದೆ. ಕಷ್ಟವಿರುವುದು ಕೋಡ್‌ನಲ್ಲಲ್ಲ, ಯಾವ ಜಾಗಕ್ಕೆ ಯಾವ ಸಂಖ್ಯೆ ಎಂಬುದರಲ್ಲಿ.

ಇಲ್ಲಿ ಮಲೆನಾಡಿನ ನೆಲವೇ ನೆರವಿಗೆ ಬಂತು. ಬಯಲುಸೀಮೆಯಂತಹ ಚಪ್ಪಟೆ ನಕ್ಷೆಯಲ್ಲಿ ಅಪಾಯ ಎಲ್ಲಿ ಶುರುವಾಗುತ್ತದೆ ಎಂದು ತೋರಿಸಲು ಫಲಕ ನೆಡಬೇಕಾಗುತ್ತದೆ. ನಮ್ಮಲ್ಲಿ ಘಾಟಿ ಇದೆ, ಹೊಳೆ ಇದೆ, ಕಾನು (ದಟ್ಟ ಕಾಡು) ಇದೆ. ಕವಲೇದುರ್ಗಕ್ಕಂತೂ ಹೇಳಿ ಮಾಡಿಸಿದಂತಹ ರಚನೆ: ಗುಡ್ಡ ಹತ್ತುತ್ತಾ ಹೋದಂತೆ ಒಂದು ಸುತ್ತಿನ ಗೋಡೆಯಾದ ಮೇಲೆ ಇನ್ನೊಂದು, ಒಂದು ಮಹಾದ್ವಾರ ದಾಟಿದರೆ ಮತ್ತೊಂದು. ಪ್ರತಿ ಸುತ್ತಿಗೂ ತಳವನ್ನು ಏರಿಸಿದೆವು. ಭಾವಮೈದುನ ಕೋಟೆಯನ್ನು ಹತ್ತಿ ಇಳಿದು, ಕಲ್ಲಿನ ಕಟ್ಟಡದ ಚಿತ್ರ ಬರೆದುಕೊಂಡು ಬಂದ. ಎರಡನೆಯ ಬಾಗಿಲಿನ ಕಲ್ಲಿನ ಬಣ್ಣ ಸ್ವಲ್ಪ ಕಪ್ಪು ಮಾಡಿದ, ಅಷ್ಟೇ. ಪರೀಕ್ಷಿಸಿದವರು ಆ ಬಾಗಿಲಿನ ಮುಂದೆ ತಾವಾಗಿಯೇ ನಿಂತು ಆಟ ಉಳಿಸಿಕೊಳ್ಳುತ್ತಾರೆ.

ಲೆವೆಲ್ ಏರಿದಾಗ ಬದಲಾಗಬೇಕಾದದ್ದು ಶತ್ರುವಿನ ಹೆಲ್ತ್ ಅಲ್ಲ, ಶತ್ರು ಯಾರು ಎಂಬುದು. ಸ್ಕೈರಿಮ್‌ನ ದರೋಡೆಕೋರರಲ್ಲಿ 1, 5, 9, 14, 19, 25 ಹೀಗೆ ನಿಗದಿಯಾದ ಲೆವೆಲ್‌ಗಳ ಬೇರೆಬೇರೆ ದರ್ಜೆಯವರಿದ್ದಾರೆ, ಅವರ ಹೆಸರುಗಳೂ ಬೇರೆ. ಆಟ ಒಬ್ಬನನ್ನೇ ಊದಿಸುವುದಿಲ್ಲ, ಪಟ್ಟಿಯಿಂದ ತಕ್ಕವನನ್ನು ಆರಿಸುತ್ತದೆ. ನಾವು ಇದನ್ನೇ ಇನ್ನಷ್ಟು ಎದ್ದು ಕಾಣುವಂತೆ ಮಾಡಿದೆವು. ಘಾಟಿಯಲ್ಲಿ ಆರನೇ ಲೆವೆಲ್‌ಗೆ ದೊಣ್ಣೆ ಹಿಡಿದ ಹಸಿದ ಹುಡುಗರು; ಒಂಬತ್ತಕ್ಕೆ ಭರ್ಜಿಯವರು, ಜೊತೆಗೆ ನಾಯಿ; ಹನ್ನೆರಡಕ್ಕೆ ಸೈನ್ಯ ಬಿಟ್ಟು ಬಂದ ಸಿಪಾಯಿಗಳು. ಸಿಪಾಯಿಗಳು ಬಲಶಾಲಿಗಳು ಮಾತ್ರವಲ್ಲ, ಹೋರಾಡುವ ರೀತಿಯೇ ಬೇರೆ: ಒಬ್ಬ ಮುಂದೆ ಗುರಾಣಿ ಹಿಡಿದು ನಿಂತರೆ ಇಬ್ಬರು ಪಕ್ಕದ ಇಳಿಜಾರಿನಿಂದ ಬರುತ್ತಾರೆ. ಕೆಲಸ ಮೂರು ಪಟ್ಟು ಹೆಚ್ಚಾಯಿತು ಎಂಬುದನ್ನು ಮುಚ್ಚಿಡಲಾರೆ. ಸಂಖ್ಯೆ ಗುಣಿಸುವುದಕ್ಕೆ ಒಂದು ಸಾಲು ಸಾಕು. ಹೊಸ ಶತ್ರುವಿಗೆ ಚಿತ್ರ, ಚಲನೆ, ಸದ್ದು ಎಲ್ಲವೂ ಬೇಕು. ದೊಡ್ಡ ಕಂಪನಿಗಳೂ ಗುಣಾಕಾರದ ದಾರಿ ಹಿಡಿಯುವುದೇಕೆ ಎಂದು ಆಗ ಅರ್ಥವಾಯಿತು, ಸ್ವಲ್ಪ ಮರುಕವೂ ಹುಟ್ಟಿತು.

ಶತ್ರುಗಳ ಪಟ್ಟಿಯಲ್ಲಿ ಮೊದಲು ಮಲೆನಾಡಿನ ಗ್ರಾಮದೇವತೆ ಚೌಡಿಯೂ ಇದ್ದಳು. ನಮ್ಮ ಅತ್ತೆ ಚಿತ್ರ ನೋಡಿದವರೇ, “ಚೌಡಿಗೆ ವರ್ಷವರ್ಷ ಕಾಯಿ ಒಡೆಸುತ್ತೇವೆ, ನೀವು ಅವಳಿಗೆ ಕತ್ತಿ ಹಾಕಿಸುತ್ತೀರಾ?” ಎಂದರು. ವಾದಕ್ಕೆ ಆಸ್ಪದವಿರಲಿಲ್ಲ. ಈಗ ಚೌಡಿಯ ಬನ ಹೋರಾಟವೇ ನಡೆಯದ ಜಾಗ. ಅಲ್ಲಿ ಹಣ್ಣುಕಾಯಿ ಇಟ್ಟರೆ ಗಾಯ ಮಾಯುತ್ತದೆ. ಆಟಕ್ಕೆ ಅದರಿಂದ ಒಳ್ಳೆಯದೇ ಆಯಿತು, ಏಕೆಂದರೆ ತಳ ಎತ್ತರವಿರುವ ಕಾನಿನ ನಡುವೆ ಉಸಿರಾಡಲು ಒಂದು ಜಾಗ ಬೇಕೇ ಬೇಕಿತ್ತು.

ಇನ್ನು ‘ಆಟಗಾರನ ಬಲ’ ಎಂದು ಯಾವುದನ್ನು ಎಣಿಸಬೇಕು? ಒಟ್ಟು ಲೆವೆಲ್ ಹಿಡಿದರೆ ನಾಟಿ ವೈದ್ಯನಿಗೆ ಅನ್ಯಾಯ. ತೊಟ್ಟ ಕವಚ, ಹಿಡಿದ ಆಯುಧ ಎಣಿಸಿದರೆ ಅದರ ಪಾಡು ಏನಾಗುತ್ತದೆ ಎಂದು 2017ರಲ್ಲಿ ಇಡೀ ಲೋಕ ನೋಡಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ 7.2 ಪ್ಯಾಚ್‌ನಲ್ಲಿ (ಪರಿಷ್ಕರಣೆಯಲ್ಲಿ) ಶತ್ರುಗಳ ಬಲವನ್ನು ಆಟಗಾರ ತೊಟ್ಟ ಸಾಮಾನಿಗೆ ಜೋಡಿಸಿದರು. ಜನ ಕವಚ ಕಳಚಿಟ್ಟು ಹೋರಾಡಿದರೆ ಹಗುರ ಎಂದು ಬೇಗನೇ ಕಂಡುಕೊಂಡರು. ನಾವು ಎಣಿಸುವುದು ಹೊಡೆದಾಡಿ ಏರಿದ ಕೌಶಲವನ್ನು ಮಾತ್ರ. ಹುಲಿಕಲ್ಲಿಗೆ ಬರುವ ವೈದ್ಯನ ಒಟ್ಟು ಲೆವೆಲ್ ಹತ್ತಾಗಿದ್ದರೂ ಯುದ್ಧ ಕೌಶಲ ನಾಲ್ಕಿದ್ದರೆ ಅವನಿಗೆ ಸಿಗುವುದು ತಳದ ಆರನೇ ಲೆವೆಲ್‌ನವರು. ಕಷ್ಟವೇ, ಆದರೆ ಅವನ ಬಳಿ ಅಮಲು ಬರಿಸುವ ಕಾಯಿಯ ಪುಡಿ ಇರುತ್ತದೆ. ಕತ್ತಿ, ಕವಚಗಳು ಪೂರ್ತಿ ಲಾಭದ ಬಾಬ್ತು. ಎಲ್ಲಿಂದ ತಂದರೂ ಶತ್ರು ಅದಕ್ಕೆ ತೆರಿಗೆ ಹಾಕುವುದಿಲ್ಲ.

ವಲಯದ ಲೆವೆಲ್ ಮೊದಲ ಭೇಟಿಯಲ್ಲೇ ಗಟ್ಟಿಯಾದರೆ ಒಂದು ಕಳ್ಳದಾರಿ ತೆರೆದುಕೊಳ್ಳುತ್ತದೆ. ಶುರುವಿನಲ್ಲೇ ಕುದುರೆ ಏರಿ ಎಲ್ಲ ಊರಿನ ಗಡಿಗೂ ಕಾಲು ತಾಗಿಸಿ ಬಂದರೆ ನಾಡೆಲ್ಲ ತಳದ ಲೆವೆಲ್‌ನಲ್ಲೇ ಉಳಿಯುತ್ತದೆ. ಇದಕ್ಕೆ ನಮಗೆ ಸಿಕ್ಕ ಉಪಾಯ ಮಳೆಗಾಲ. ಆಟದಲ್ಲಿ ಪಂಚಾಂಗವಿದೆ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಸಾಲಾಗಿ ಬರುತ್ತವೆ. ಆ ದಿನಗಳಲ್ಲಿ ಘಾಟಿಗಳು ಮುಚ್ಚಿರುತ್ತವೆ. ಮಳೆ ಹಿಂದೆಗೆದ ಮೇಲೆ ವಲಯಗಳ ಬೀಗ ತೆರೆದುಕೊಂಡು ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅದನ್ನು ಕೋಡ್‌ನೊಳಗೆ ಬಚ್ಚಿಟ್ಟಿಲ್ಲ: ಇಕ್ಕೇರಿಯ ಪೇಟೆಯಲ್ಲಿ ಹೇರೆತ್ತಿನವನು ‘ಈ ಸಲ ಘಾಟಿಯಲ್ಲಿ ಹಳೆಯ ಹುಡುಗರಿಲ್ಲ, ಸಿಪಾಯಿಗಳಂತೆ ಕಾಣುವವರು ಬೀಡುಬಿಟ್ಟಿದ್ದಾರೆ’ ಎಂದು ಮಾತಿನ ನಡುವೆ ಹೇಳುತ್ತಾನೆ. ಬದಲಾವಣೆಗೆ ಕಾರಣ ಕಥೆಯೊಳಗೇ ಇದ್ದರೆ ಆಟಗಾರನಿಗೆ ಮೋಸ ಹೋದಂತೆ ಅನಿಸುವುದಿಲ್ಲ.

ಬಹುಮಾನಗಳನ್ನು ಎಲ್ಲಿಯೂ ಸ್ಕೇಲ್ ಮಾಡಿಲ್ಲ. ಆಬ್ಲಿವಿಯನ್‌ನಲ್ಲಿ ಬೇಗ ಕೆಲಸ ಮುಗಿಸಿದವನಿಗೆ ಅದೇ ಹೆಸರಿನ ಕತ್ತಿಯ ಬಡಕಲು ರೂಪ ಸಿಕ್ಕಿ, ಕೊನೆಯವರೆಗೂ ಹಾಗೆಯೇ ಉಳಿಯುತ್ತಿತ್ತು. ಕವಲೇದುರ್ಗದ ಕತ್ತಿ ಯಾರು ಯಾವಾಗ ತೆಗೆದರೂ ಒಂದೇ. ನಾಲ್ಕನೇ ಲೆವೆಲ್‌ನಲ್ಲಿ ನುಸುಳಿ ಅದನ್ನು ಕದ್ದವನಿಗೆ ಅದು ಸಲ್ಲಲಿ.

ಒಂದು ಮಾತು ಒಪ್ಪಬೇಕು. ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟಗಳಿಗೆ ನಮ್ಮ ಈ ವಾದ ಹೊಂದುವುದಿಲ್ಲ. ಗಿಲ್ಡ್ ವಾರ್ಸ್ 2 ಆಟ 2012ರಲ್ಲೇ ಶತ್ರುವಿನ ಬದಲು ಆಟಗಾರನನ್ನೇ ಜಾಗದ ಲೆವೆಲ್‌ಗೆ ಇಳಿಸಿತು; ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ 2016ರಲ್ಲಿ ಇಡೀ ನಾಡನ್ನು ಎಲ್ಲ ಲೆವೆಲ್‌ನವರಿಗೂ ತೆರೆದಿಟ್ಟಿತು. ಹೊಸಬ ಗೆಳೆಯನೂ ಹಳಬನೂ ಕೂಡಿ ಆಡಬೇಕಾದಲ್ಲಿ ಬೇರೆ ದಾರಿ ನನಗೂ ಕಾಣುವುದಿಲ್ಲ.

ಇತ್ತೀಚೆಗೆ ಆಡಿ ನೋಡಿದ ಕಾಲೇಜು ಹುಡುಗರ ಆಕ್ಷೇಪ ಬೇರೆ: ಕೊನೆಗೆ ಎಲ್ಲವೂ ಸಲೀಸು. ಮೇಲ್ಮಿತಿ ತೆಗೆದುಬಿಡಿ ಎಂದರು. ಎಲ್ಲರಿಗಾಗಿ ತೆಗೆಯಲು ನಾನು ಒಪ್ಪಲಿಲ್ಲ. ದಿ ವಿಚರ್ 3 ಮಾಡಿದಂತೆ ಬೇಕಾದವರಿಗೆ ಒಂದು ಸ್ವಿಚ್ ಇಟ್ಟಿದ್ದೇನೆ. ಮೊದಲಿಗೆ ಅದು ಆಫ್ ಆಗಿಯೇ ಇರುತ್ತದೆ. ಹಾಕಿದರೆ ಮನುಷ್ಯ ಶತ್ರುಗಳಿರುವ ವಲಯಗಳ ಮೇಲ್ಮಿತಿ ಮಾತ್ರ ಏರುತ್ತದೆ, ತಳ ಇದ್ದಲ್ಲೇ ಇರುತ್ತದೆ. ಸಿಪಾಯಿಗಳ ಮೇಲಿನ ದರ್ಜೆಗೆ ಇನ್ನೊಂದು ತಂಡ ಬೇಕಾದ್ದರಿಂದ ಭಾವಮೈದುನ ಈಗ ಕುದುರೆ ಸವಾರರ ಚಿತ್ರ ಬರೆಯುತ್ತಿದ್ದಾನೆ. ಘಾಟಿಯ ಇಳಿಜಾರಿನಲ್ಲಿ ಕುದುರೆ ಹೇಗೆ ತಿರುಗಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆಟದ ನಡುವೆ ಸ್ವಿಚ್ ಹಾಕಿದವರು ಮುಂದಿನ ಮಳೆಗಾಲ ಕಳೆಯುವವರೆಗೆ ಕಾಯಬೇಕು, ಏಕೆಂದರೆ ವಲಯದ ಬೀಗ ತೆರೆಯುವುದು ಆಗಲೇ.