ಮಳೆ ಬಿದ್ದೊಡನೆ ನಾರುವ ಕಾರ್ ಎಸಿ: ವಾಸನೆ ತೆಗೆಯುವ ಕ್ರಮ

ಕಲಬುರಗಿ ಕಡೆ ಕಾರಿನ ಎಸಿಯಿಂದ ಮುಗ್ಗಲು ವಾಸನೆ ಬರುವುದು ಹೆಚ್ಚಾಗಿ ಜೂನ್‌ನಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ. ಆದರೆ ಅದಕ್ಕೆ ಬೇಕಾದ ಕೊಳೆ ತೊಗರಿ ರಾಶಿಯ ಕಾಲದಿಂದಲೇ ಸೇರುತ್ತ ಬಂದಿರುತ್ತದೆ. ರಾಶಿಯ ಹೊಟ್ಟು, ಎರೆಮಣ್ಣಿನ ನುಣ್ಣನೆಯ ಧೂಳು, ಶಹಾಬಾದ್, ವಾಡಿ, ಸೇಡಂ ಕಡೆ ಓಡಾಡುವವರಿಗೆ ಕಲ್ಲುಪುಡಿ, ಸಿಮೆಂಟ್ ಪುಡಿ ಕೂಡ. ಇದರಲ್ಲಿ ಒಂದಿಷ್ಟು ಫಿಲ್ಟರ್ ದಾಟಿ ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ಗೆ ಮೆತ್ತುತ್ತದೆ. ಎಸಿ ಓಡುವಾಗ ಆ ಕಾಯಿಲ್ ಮೇಲೆ ನೀರು ಹನಿಗಟ್ಟುತ್ತದೆ. ಏಪ್ರಿಲ್, ಮೇ ತಿಂಗಳ ಒಣ ಹವೆಗೆ ಆ ನೀರು ಬೇಗ ಆರುತ್ತದೆ, ಮಳೆಗಾಲದಲ್ಲಿ ಆರುವುದಿಲ್ಲ. ಒದ್ದೆ ಧೂಳಿನ ಮೇಲೆ ಬೂಷ್ಟು ಕೂರುತ್ತದೆ. ಪರ್ಫ್ಯೂಮ್ ಡಬ್ಬಿ ಇಟ್ಟರೆ ಎರಡು ವಾಸನೆ ಬೆರೆಯುತ್ತವೆ, ಅಷ್ಟೇ. ಕಾಯಿಲ್ ತೊಳೆಯಬೇಕು, ಆಮೇಲೆ ಒಣಗಿಸಬೇಕು.

ಮೊದಲು ವಾಸನೆ ಯಾವುದೆಂದು ಖಚಿತ ಮಾಡಿಕೊಳ್ಳಿ. ಒದ್ದೆ ಗೋಣಿಚೀಲದ ವಾಸನೆ ಎಸಿ ಹಚ್ಚಿದ ಮೊದಲ ನಿಮಿಷದಲ್ಲಿ ಜೋರಾಗಿದ್ದು ಆಮೇಲೆ ತಗ್ಗಿದರೆ ಅದು ಬೂಷ್ಟು. ಸಿಹಿ ವಾಸನೆ ಬಂದು ಗ್ಲಾಸಿನ ಒಳಗೆ ಜಿಡ್ಡು ಮಂಜು ಕಟ್ಟಿದರೆ ಹೀಟರ್‌ನಿಂದ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೋರುತ್ತಿರಬಹುದು. ಕೊಳೆತ ನಾತವಿದ್ದರೆ ಇಲಿ ಸತ್ತಿದೆಯೇ ನೋಡಿ. ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.

ಮುಗ್ಗಲು ವಾಸನೆಯೇ ಆದರೆ ಬಾನೆಟ್ ತೆರೆದು ವೈಪರ್ ಬುಡದ ಜಾಲರಿ ನೋಡಿ. ಬೇವಿನ ಮರದ ನೆರಳಿಗೆ ನಿಲ್ಲಿಸುವ ಗಾಡಿಯಲ್ಲಿ ಅಲ್ಲಿ ಎಲೆ ತುಂಬಿರುತ್ತದೆ. ಹೊರಗಿನ ಗಾಳಿ ಒಳಗೆ ಬರುವುದು ಆ ದಾರಿಯಿಂದಲೇ, ಹಾಗಾಗಿ ಕೊಳೆತ ಎಲೆಯ ವಾಸನೆಯೂ ಜೊತೆಗೆ ಬರುತ್ತದೆ. ಎಲ್ಲ ಎಲೆ ಆರಿಸಿ ತೆಗೆಯಿರಿ.

ಆಮೇಲೆ ನೀರು ಹೋಗುವ ಪೈಪ್. ಸೆಕೆ ಇರುವ ದಿನ ಗಾಡಿ ನಿಲ್ಲಿಸಿ 15 ನಿಮಿಷ ಎಸಿ ಓಡಿಸಿದರೆ ಗಾಡಿಯ ಕೆಳಗೆ, ಸಾಮಾನ್ಯವಾಗಿ ಎಡಭಾಗದಲ್ಲಿ, ನೀರು ತೊಟ್ಟಿಕ್ಕಬೇಕು. ಬೇಸಿಗೆಯ ಒಣ ಹವೆಯಲ್ಲಿ ನಾಲ್ಕೇ ಹನಿ ಬಿದ್ದರೆ ಪೈಪ್ ಕಟ್ಟಿದೆ ಎಂದು ತಿಳಿಯಬೇಡಿ, ಆಗ ನೀರೇ ಕಡಿಮೆ. ಮಳೆಗಾಲದಲ್ಲೂ ಹನಿ ಬೀಳದೆ ಎಡ ಮುಂದಿನ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆಯಾಗಿದ್ದರೆ ಪೈಪ್ ಕಟ್ಟಿರುವ ಸಾಧ್ಯತೆ ಹೆಚ್ಚು. ಕೆಳಗಿನಿಂದ ಮೆತ್ತಗಿನ ನೈಲಾನ್ ವೈರ್ ನಿಧಾನವಾಗಿ ತೂರಿಸಿ ಕೆಸರು ಬಿಡಿಸಿ. ಪಂಕ್ಚರ್ ಅಂಗಡಿಯ ಹವಾ ಪೂರ್ತಿ ಒತ್ತಡದಲ್ಲಿ ಬಿಡಬೇಡಿ, ಒಳಗೆ ಪೈಪ್ ಕಳಚಿದರೆ ನೀರೆಲ್ಲ ಕಾರಿನೊಳಗೇ ಸುರಿಯುತ್ತದೆ. ಕಾರ್ಪೆಟ್ ನೆನೆದಿದ್ದರೆ ಅದರ ಕೆಳಗಿನ ಫೆಲ್ಟ್ ಸಮೇತ ಎತ್ತಿ ಬಿಸಿಲಿಗೆ ಒಣಗಿಸಿ. ಮೇಲೆ ಮುಟ್ಟಿದರೆ ಒಣಗಿದಂತೆ ಕಾಣುವ ಕಾರ್ಪೆಟ್ ಅಡಿಯಲ್ಲಿ ವಾರಗಟ್ಟಲೆ ಹಸಿ ಉಳಿಯುತ್ತದೆ. ಎಸಿ ತೊಳೆದರೂ ವಾಸನೆ ಹೋಗಲಿಲ್ಲ ಎನ್ನುವ ಎಷ್ಟೋ ಗಾಡಿಗಳಲ್ಲಿ ಕಾರಣ ಇದೇ.

ಎಸಿ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಬಾಕ್ಸಿನ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಕೆಳಗೆ ಜೋಲುತ್ತದೆ, ಹಿಂದಿನ ಮುಚ್ಚಳ ತೆಗೆದು ಫಿಲ್ಟರ್ ಎಳೆಯಿರಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆದು ಹಾಕಬಾರದು. ಕಾಯಿಲ್ ತೊಳೆದು ಒಣಗಿಸಿದ ಮೇಲೆ ಹೊಸದು ಹಾಕುವಾಗ ಅದರ ಮೇಲಿನ ಬಾಣ ಗಾಳಿ ಹರಿಯುವ ದಿಕ್ಕಿಗಿರಲಿ. ನಮ್ಮ ಧೂಳಿಗೆ ವರ್ಷಕ್ಕೊಮ್ಮೆ ಅಥವಾ 10,000 ಕಿ.ಮೀ.ಗೆ, ಯಾವುದು ಮೊದಲೋ ಆಗ ಬದಲಿಸಿ. ರಾಶಿ ಮುಗಿದ ಮೇಲೆ, ಬೇಸಿಗೆಗೆ ಮುಂಚೆ, ಫೆಬ್ರವರಿಯಲ್ಲಿ ಬದಲಿಸುವುದೇ ಒಳ್ಳೆಯದು. ಹಳೆಯ ಕೆಲವು ಸಣ್ಣ ಕಾರುಗಳಿಗೆ ಫಿಲ್ಟರ್ ಇರುವುದೇ ಇಲ್ಲ. ಅವುಗಳ ಕಾಯಿಲ್ ಬೇಗ ಕೊಳೆಯಾಗುತ್ತದೆ.

ಈಗ ಕಾಯಿಲ್. ಕಾರ್ ಎಸಿಗೆಂದೇ ಸಿಗುವ, ಉದ್ದ ನಳಿಕೆಯ ಫೋಮ್ ಕ್ಲೀನರ್ ತನ್ನಿ. ಎಂಜಿನ್ ಆಫ್ ಮಾಡಿ, ಫಿಲ್ಟರ್ ತೆಗೆದ ಜಾಗಕ್ಕೆ ಟಾರ್ಚ್ ಬಿಡಿ. ಅಲ್ಯುಮಿನಿಯಂ ಗೆರೆಗಳು ಕಂಡರೆ ಅದು ಕಾಯಿಲ್, ಅಲ್ಲಿಂದಲೇ ಹೊಡೆಯಬಹುದು. ಬ್ಲೋವರ್ (ಗಾಳಿ ಬೀಸುವ ಫ್ಯಾನ್) ಚಕ್ರ ಕಂಡರೆ ಅಲ್ಲಿ ಹೊಡೆಯಬೇಡಿ, ಮೋಟಾರ್ ನೆನೆಯುತ್ತದೆ. ಆಗ ನೀರಿನ ಪೈಪ್ ಮೂಲಕ ಕೆಳಗಿನಿಂದ ನಳಿಕೆ ಏರಿಸಿ. ಡಬ್ಬಿಯನ್ನು ಒಂದೇ ಸಲ ಖಾಲಿ ಮಾಡದೆ ಸ್ವಲ್ಪ ಸ್ವಲ್ಪವಾಗಿ ಹೊಡೆದು, ಡಬ್ಬಿ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 15ರಿಂದ 30 ನಿಮಿಷ, ಬಿಡಿ. ಫೋಮ್ ಕರಗಿ ಪೈಪಿನಿಂದ ಕಪ್ಪು ನೀರಾಗಿ ಇಳಿಯುತ್ತದೆ. ಇಳಿಯದಿದ್ದರೆ ಪೈಪ್ ಇನ್ನೂ ಕಟ್ಟಿದೆ, ಅದಕ್ಕೇ ಪೈಪಿನ ಕೆಲಸ ಮೊದಲು. ಬಾಗಿಲು ತೆರೆದು, ಎಸಿ ಹಾಕದೆ, ಬ್ಲೋವರ್ ವೇಗ 1ರಲ್ಲಿ ಶುರು ಮಾಡಿ. ನೇರ 4ಕ್ಕೆ ತಿರುಗಿಸಿದರೆ ಉಳಿದ ಫೋಮ್ ಡ್ಯಾಶ್‌ಬೋರ್ಡ್ ಮೇಲೆ ಚಿಮ್ಮುತ್ತದೆ. ಕೊನೆಗೆ ಎಂಜಿನ್ ಬಿಸಿಯಾದ ಮೇಲೆ ಹೀಟರ್ ಪೂರ್ತಿ, ಬ್ಲೋವರ್ ಪೂರ್ತಿ, ಹೊರಗಾಳಿ ಮೋಡ್, 10 ನಿಮಿಷ. ಇದನ್ನೆಲ್ಲ ಬಯಲಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಉಸಿರಿನ ತೊಂದರೆ ಇರುವವರು, ಮಕ್ಕಳು ಅಂದು ದೂರವಿರಲಿ.

ಬ್ಲೀಚಿಂಗ್ ಪುಡಿ, ಫಿನೈಲ್, ಬಾತ್‌ರೂಮ್ ಆ್ಯಸಿಡ್ ಯಾವುದೂ ಬೇಡ. ಬ್ಲೀಚ್ ಮತ್ತು ಆ್ಯಸಿಡ್ ಅಲ್ಯುಮಿನಿಯಂ ತಿನ್ನುತ್ತವೆ, ಕಾಯಿಲ್ ತೂತಾದರೆ ಎಸಿ ತಂಪು ಮಾಡುವ ಗ್ಯಾಸೂ ಹೋಯಿತು. ಉಳಿದ ಸ್ಪ್ರೇ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತು ಬಿಡಬೇಡಿ, ಸಿಡಿಯಬಹುದು.

ವಾಸನೆ ಮರಳದಂತೆ ಇಡುವುದು ಚಾಲಕನ ರೂಢಿ. ಧೂಳಿನ ರಸ್ತೆಯಲ್ಲಿ ಒಳಗಾಳಿ ಮೋಡ್ ಇಟ್ಟುಕೊಳ್ಳುವುದು ಸರಿಯೇ. ಆದರೆ ಮನೆ 3-5 ನಿಮಿಷ ದೂರವಿದ್ದಾಗ ಎಸಿ ಬಟನ್ ಮಾತ್ರ ಆಫ್ ಮಾಡಿ, ಬ್ಲೋವರ್ ಜೋರಾಗಿಟ್ಟು ಹೊರಗಾಳಿಗೆ ತಿರುಗಿಸಿ. ನಿಲ್ಲಿಸುವ ಹೊತ್ತಿಗೆ ಕಾಯಿಲ್ ಮೇಲಿನ ನೀರು ಕಡಿಮೆಯಾಗಿರುತ್ತದೆ. ಮಳೆಗಾಲದಲ್ಲಿ ಇದನ್ನು ಒಂದು ದಿನವೂ ತಪ್ಪಿಸಬೇಡಿ.

ಎರಡು ಸಲ ಫೋಮ್ ಹೊಡೆದರೂ ವಾಸನೆ ಹೋಗದಿದ್ದರೆ ಕಾಯಿಲ್ ಹೊರತೆಗೆದು ತೊಳೆಯಬೇಕಾಗುತ್ತದೆ. ಅದಕ್ಕೆ ಗ್ಯಾಸ್ ತೆಗೆಯಬೇಕು, ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಗ್ಯಾರೇಜಿಗೆ ಒಪ್ಪಿಸುವಾಗ ಮೂರು ವಿಷಯ ಮೊದಲೇ ಮಾತಾಡಿಕೊಳ್ಳಿ: ಜೋಡಣೆಯ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಉಂಗುರ) ಹೊಸದು ಹಾಕಬೇಕು, ಗ್ಯಾಸ್ ತುಂಬುವ ಮುಂಚೆ ವ್ಯಾಕ್ಯೂಮ್ ಮಾಡಬೇಕು (ಒಳಗಿನ ಗಾಳಿ, ತೇವ ಎಳೆದು ತೆಗೆಯಬೇಕು), ಗ್ಯಾಸನ್ನು ಬಾನೆಟ್ ಸ್ಟಿಕ್ಕರ್ ಮೇಲೆ ಬರೆದ ಗ್ರಾಂ ಲೆಕ್ಕದಲ್ಲೇ ತೂಗಿ ತುಂಬಬೇಕು.