ಕಚೇರಿಯ ಕಂಪ್ಯೂಟರ್‌ಗಳೆಲ್ಲ ಒಂದೇ ಟೈಮ್ ತೋರಿಸುತ್ತಿವೆಯಾ? ನಿಗಾ ಇಡುವುದು ಹೀಗೆ

ಪರಿಚಯದ ಕಚೇರಿಯೊಂದರಲ್ಲಿ ಒಬ್ಬ ಹುಡುಗಿಯ ಅರ್ಧ ದಿನದ ಸಂಬಳ ಹಿಡಿದುಬಿಟ್ಟರು. ಹಾಜರಿ ಮಷಿನ್ ಪ್ರಕಾರ ಆಕೆ ಬೆರಳಿಟ್ಟದ್ದು 9.34ಕ್ಕೆ. ಬಾಗಿಲ ಮೇಲಿನ ಕ್ಯಾಮೆರಾ ನೋಡಿದರೆ ಆಕೆ ಒಳಗೆ ಬಂದದ್ದು 9.27ಕ್ಕೆ. ಬಾಗಿಲಿಂದ ಮಷಿನ್‌ಗೆ ನಾಲ್ಕೇ ಹೆಜ್ಜೆ. ಫೋನ್ ಪಕ್ಕದಲ್ಲಿ ಹಿಡಿದು ನೋಡಿದಾಗ ಗೊತ್ತಾಯಿತು, ಹಾಜರಿ ಮಷಿನ್ ಏಳು ನಿಮಿಷ ಮುಂದೆ ಓಡುತ್ತಿತ್ತು. ಅದನ್ನು ಕೂರಿಸಿದ ದಿನ ಟೈಮ್ ಸರಿಯಾಗಿಯೇ ಇಟ್ಟಿದ್ದರು. ಆಮೇಲೆ ಎಂಟು ತಿಂಗಳು ಯಾರೂ ಅತ್ತ ನೋಡಿರಲಿಲ್ಲ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಇಂಥ ಮಷಿನ್‌ಗಳ ಒಳಗಿನ ಗಡಿಯಾರ ಒಂದು ಸಣ್ಣ ಕ್ವಾರ್ಟ್ಜ್ ಹರಳಿನ ಮೇಲೆ ನಡೆಯುತ್ತದೆ. ಸಾಧಾರಣ ಹರಳು ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡ್ ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಆಯಿತು. ಎಂಟು ತಿಂಗಳಿಗೆ ಲೆಕ್ಕ ಹಾಕಿ, ಸರಿಯಾಗಿ ಏಳು ನಿಮಿಷ! ಹಾಗಾಗಿ ಟೈಮ್ ಒಮ್ಮೆ ಸರಿ ಮಾಡಿದರೆ ಸಾಲದು, ಅದು ಎಷ್ಟು ಸರಿಯುತ್ತಿದೆ ಅಂತ ನೋಡುತ್ತಲೇ ಇರಬೇಕು.

ಮೊದಲು, ಯಾರ ಟೈಮ್ ನಂಬುವುದು?

ಭಾರತೀಯ ಕಾಲಮಾನವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ಅಂದರೆ ಎನ್‌ಪಿಎಲ್. ಅಲ್ಲಿ ಸೀಸಿಯಂ ಪರಮಾಣು ಗಡಿಯಾರಗಳಿವೆ. ಆ ಟೈಮ್ ನಮ್ಮ ಕಂಪ್ಯೂಟರ್‌ಗೆ ಇಂಟರ್‌ನೆಟ್ ಮೂಲಕ ಬರುವ ದಾರಿ ಎನ್‌ಟಿಪಿ. ಡೇವಿಡ್ ಮಿಲ್ಸ್ ಎಂಬುವರು ರೂಪಿಸಿದ ಈ ಪದ್ಧತಿ 1985ರಿಂದ ಬಳಕೆಯಲ್ಲಿದೆ. ಎನ್‌ಪಿಎಲ್ ಮತ್ತು ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಎರಡೂ ಎನ್‌ಟಿಪಿ ಸರ್ವರ್, ಅಂದರೆ ಕೇಳಿದವರಿಗೆ ಟೈಮ್ ಹೇಳುವ ಕಂಪ್ಯೂಟರ್, ನಡೆಸುತ್ತವೆ. 2022ರ ಏಪ್ರಿಲ್ 28ರಂದು, ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ಈ ಸರ್ವರ್‌ಗಳಿಗೇ ಅಥವಾ ಇವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೇ ಟೈಮ್ ಹೊಂದಿಸಬೇಕು ಎಂದಿದೆ.

ಕಚೇರಿಯಲ್ಲಿ ಯಾವಾಗಲೂ ಆನ್ ಇರುವ ಒಂದು ಲಿನಕ್ಸ್ ಕಂಪ್ಯೂಟರ್ ಆರಿಸಿ, ಕ್ರೋನಿ ಎಂಬ ಸಾಫ್ಟ್‌ವೇರ್ ಹಾಕಿ. ಅದು ಹೊರಗಿನ ನಾಲ್ಕು ಸರ್ವರ್‌ಗಳನ್ನು ಕೇಳಲಿ. ಎರಡೇ ಇದ್ದು ಅವು ಬೇರೆ ಬೇರೆ ಹೇಳಿದರೆ ಯಾವುದು ತಪ್ಪು ಅಂತ ತಿಳಿಯುವುದಿಲ್ಲ, ಅಲ್ವಾ? ಮೂರಿದ್ದರೆ ತಪ್ಪಿದ ಒಂದನ್ನು ಹಿಡಿಯಬಹುದು. ನಾಲ್ಕನೆಯದು, ಒಂದು ಕೈಕೊಟ್ಟರೂ ಮೂರು ಉಳಿಯಲಿ ಅಂತ. ಉಳಿದ ಕಂಪ್ಯೂಟರ್, ಕ್ಯಾಮೆರಾ ರೆಕಾರ್ಡರ್, ಹಾಜರಿ ಮಷಿನ್ ಎಲ್ಲವೂ ಈ ಕಂಪ್ಯೂಟರ್‌ನಿಂದಲೇ ಟೈಮ್ ತೆಗೆದುಕೊಳ್ಳಲಿ. ನೆಟ್‌ವರ್ಕ್‌ನ ಕಾವಲುಗಾರನಂತಿರುವ ಫೈರ್‌ವಾಲ್‌ನಲ್ಲಿ ಎನ್‌ಟಿಪಿ ಓಡಾಡುವ ಬಾಗಿಲು, ಅಂದರೆ ಯುಡಿಪಿ 123ನೇ ಪೋರ್ಟ್, ತೆರೆದಿರಬೇಕು. ಎಷ್ಟೋ ಕಡೆ ಎಲ್ಲ ಮಾಡಿ ಇದೊಂದನ್ನು ಮರೆತಿರುತ್ತಾರೆ.

ವ್ಯತ್ಯಾಸ ಅಳೆಯುವುದು ಹೇಗೆ?

ಇದು ನನಗೆ ಬಹಳ ಇಷ್ಟವಾದ ಭಾಗ. ನಿಮ್ಮ ಕಂಪ್ಯೂಟರ್ ತನ್ನ ಗಡಿಯಾರದಲ್ಲಿ ಸರಿಯಾಗಿ 10 ಗಂಟೆ ಆದಾಗ ಸರ್ವರ್‌ಗೆ "ಟೈಮ್ ಎಷ್ಟು?" ಅಂತ ಕೇಳಿತು ಅನ್ನಿ. ಪ್ರಶ್ನೆ ತಲುಪಿದಾಗ ಸರ್ವರ್ ಗಡಿಯಾರದಲ್ಲಿ 10 ಗಂಟೆ ದಾಟಿ 5.020 ಸೆಕೆಂಡ್. ಉತ್ತರ ಹೊರಟಾಗ 5.021. ಉತ್ತರ ಬಂದು ಸೇರಿದಾಗ ನಿಮ್ಮ ಗಡಿಯಾರದಲ್ಲಿ 0.041. ಹೋಗುವಾಗಿನ ವ್ಯತ್ಯಾಸ 5.020, ಬರುವಾಗಿನದು 4.980. ಎರಡರ ಸರಾಸರಿ ತೆಗೆದರೆ 5.000. ಅಂದರೆ ನೀವು ಸರಿಯಾಗಿ ಐದು ಸೆಕೆಂಡ್ ಹಿಂದಿದ್ದೀರಿ. ದಾರಿಯಲ್ಲಿ ಕಳೆದ 40 ಮಿಲಿಸೆಕೆಂಡ್ ಲೆಕ್ಕದಿಂದ ತಾನಾಗಿ ಬಿದ್ದುಹೋಯಿತು! ಹೋಗುವ ದಾರಿಗೂ ಬರುವ ದಾರಿಗೂ ಹಿಡಿಯುವ ಹೊತ್ತು ಒಂದೇ ಆಗಿದ್ದರೆ ಮಾತ್ರ ಈ ಲೆಕ್ಕ ಪಕ್ಕಾ. ಅದಕ್ಕೇ ದೂರದ ಸರ್ವರ್‌ಗಿಂತ ಹತ್ತಿರದ್ದು ಒಳ್ಳೆಯದು.

ಈಗ ಒಂದೊಂದೇ ಮಷಿನ್ ನೋಡಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಬ್ಲ್ಯು32ಟಿಎಂ (w32tm) ಕಮಾಂಡ್‌ಗೆ ಸ್ಟ್ರಿಪ್‌ಚಾರ್ಟ್ ಆಯ್ಕೆಯನ್ನೂ ನಿಮ್ಮ ಟೈಮ್ ಸರ್ವರ್ ಹೆಸರನ್ನೂ ಸೇರಿಸಿ ಕೊಡಿ. ಸಾಲು ಸಾಲಾಗಿ ವ್ಯತ್ಯಾಸ ಮೂಡುತ್ತದೆ. ಕ್ರೋನಿ ಇರುವ ಲಿನಕ್ಸ್‌ನಲ್ಲಿ ಕ್ರೋನಿಸಿ ಟ್ರ್ಯಾಕಿಂಗ್ (chronyc tracking) ಎಂದು ಕೊಟ್ಟರೆ 'ಸಿಸ್ಟಮ್ ಟೈಮ್' ಎಂಬ ಸಾಲು ಸಿಗುತ್ತದೆ. ಕಚೇರಿಯೊಳಗಿನ ನೆಟ್‌ವರ್ಕ್‌ನಲ್ಲಿ ಅದು ಕೆಲವೇ ಮಿಲಿಸೆಕೆಂಡ್ ಒಳಗಿದ್ದರೆ ಎಲ್ಲ ಚೆನ್ನಾಗಿದೆ.

ಆದರೆ ಇಲ್ಲೊಂದು ಮೋಸವಿದೆ, ಸ್ವಲ್ಪ ನಿಧಾನವಾಗಿ ಓದಿ. ಸರ್ವರ್ ಜತೆ ಸಂಪರ್ಕ ನಿನ್ನೆಯೇ ಕಡಿದುಹೋಗಿದ್ದರೂ ಆ ಸಾಲು ಚಿಕ್ಕ ಅಂಕಿಯನ್ನೇ ತೋರಿಸಬಹುದು. ಯಾಕೆಂದರೆ ಅದು ಕೊನೆಯ ಬಾರಿ ಸಿಕ್ಕ ಟೈಮ್ ಇಟ್ಟುಕೊಂಡು ಹಾಕಿದ ಅಂದಾಜು. ಹಾಗಾಗಿ ಜತೆಗೇ 'ರೆಫ್ ಟೈಮ್' ನೋಡಿ. ಅದು ಕೊನೆಯ ಬಾರಿ ಟೈಮ್ ಸಿಕ್ಕ ಹೊತ್ತು. ಅಲ್ಲಿರುವುದು ಯುಟಿಸಿ, ಅಂದರೆ ಜಾಗತಿಕ ಕಾಲಮಾನ. ನಮ್ಮ ಟೈಮ್ ಬೇಕಾದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. ನಂತರ ಕ್ರೋನಿಸಿ ಸೋರ್ಸಸ್ (chronyc sources) ಕೊಟ್ಟು 'ರೀಚ್' ಕಾಲಂ ನೋಡಿ. 377 ಇದ್ದರೆ ಕೊನೆಯ ಎಂಟು ಪ್ರಶ್ನೆಗೂ ಉತ್ತರ ಬಂದಿದೆ ಎಂದರ್ಥ. 0 ಇದ್ದರೆ ಎಂಟರಲ್ಲಿ ಒಂದಕ್ಕೂ ಬಂದಿಲ್ಲ. ಸಾಲಿನ ಮೊದಲಲ್ಲಿ ನಕ್ಷತ್ರ ಚಿಹ್ನೆ ಇರುವುದು ಈಗ ನಂಬಿರುವ ಸರ್ವರ್, ಎಕ್ಸ್ ಇರುವುದು ಸುಳ್ಳು ಟೈಮ್ ಹೇಳುತ್ತಿದೆ ಎಂದು ಕ್ರೋನಿ ತೀರ್ಮಾನಿಸಿದ ಸರ್ವರ್.

ದಾಖಲೆ ಇಡಿ, ಗೆರೆ ಓದಿ

ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ಐದು ನಿಮಿಷಕ್ಕೊಮ್ಮೆ ಎಲ್ಲ ಮಷಿನ್‌ಗಳ ವ್ಯತ್ಯಾಸವನ್ನು ಫೈಲಿಗೆ ಸೇರಿಸುತ್ತಾ ಹೋಗಿ. ಒಂದು ಸೆಕೆಂಡ್ ದಾಟಿದರೆ ನಿಮಗೆ ಮೆಸೇಜ್ ಬರಲಿ. ಉತ್ತರವೇ ಬರದಿದ್ದರೂ ಮೆಸೇಜ್ ಬರಲಿ, ಇದು ಮುಖ್ಯ. ವಿಂಡೋಸ್ ಡೊಮೇನ್, ಅಂದರೆ ಎಲ್ಲರ ಲಾಗಿನ್ ಅನ್ನೂ ಒಂದು ಕೇಂದ್ರ ಸರ್ವರ್ ನೋಡಿಕೊಳ್ಳುವ ವ್ಯವಸ್ಥೆ, ಇರುವಲ್ಲಿ ವ್ಯತ್ಯಾಸ 5 ನಿಮಿಷ ದಾಟಿದರೆ ಲಾಗಿನ್ನೇ ಆಗದೆ ಹೋಗಬಹುದು. ಅಲ್ಲಿವರೆಗೂ ಕಾಯಬೇಡಿ.

ವಾರ ಕಳೆದ ಮೇಲೆ ಆ ಅಂಕಿಗಳನ್ನು ಗ್ರಾಫ್ ಮಾಡಿ ನೋಡಿ. ಗೆರೆ ಒಂದೇ ಸಮನೆ ಏರುತ್ತಿದ್ದರೆ ಹರಳು ತನ್ನ ಪಾಡಿಗೆ ಓಡುತ್ತಿದೆ, ಎನ್‌ಟಿಪಿ ಕೆಲಸವೇ ಮಾಡುತ್ತಿಲ್ಲ. ಒಮ್ಮೆಲೇ ಐದೂವರೆ ಗಂಟೆ ಹಾರಿದ್ದರೆ ಟೈಮ್ ಝೋನ್ ಗೊಂದಲ. ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಹೀಗಾಗುವುದು ಜಾಸ್ತಿ. ಆನ್ ಮಾಡಿದಾಗಲೆಲ್ಲ ವರ್ಷಗಳಷ್ಟು ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಸಾಮಾನ್ಯವಾಗಿ ಅದು ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಸರಿಪಡಿಸುವಾಗ ಒಂದು ಜಾಗ್ರತೆ. ಬಿಲ್ಲಿಂಗ್ ನಡೆಯುತ್ತಿರುವ ಕಂಪ್ಯೂಟರ್‌ನ ಗಡಿಯಾರವನ್ನು ಸುಮ್ನೆ ಹಿಂದಕ್ಕೆ ತಿರುಗಿಸಬೇಡಿ. ಈಗ ಬರೆದ ಬಿಲ್ಲಿಗಿಂತ ಮುಂದಿನ ಬಿಲ್ಲಿನ ಟೈಮ್ ಹಿಂದಿನದಾಗಿಬಿಡುತ್ತದೆ. ಕ್ರೋನಿ ಇರುವಲ್ಲಿ ಅದರ ಪಾಡಿಗೆ ಬಿಡಿ, ಓಟವನ್ನು ನಿಧಾನ ಮಾಡಿ ಸರಿಹೊಂದಿಸುತ್ತದೆ. ವ್ಯತ್ಯಾಸ ದೊಡ್ಡದಿದ್ದರೆ ರಾತ್ರಿ ಎಲ್ಲ ಬಂದ್ ಮಾಡಿದ ಮೇಲೆ ಕೈ ಹಾಕಿ.

ಹಳೆಯ ಹಾಜರಿ ಮಷಿನ್‌ಗಳಲ್ಲಿ ಎನ್‌ಟಿಪಿ ಇರದೇ ಇರಬಹುದು. ಅಂಥದ್ದಕ್ಕೆ ಒಂದು ನೋಟ್‌ಬುಕ್ ಇಡಿ. ಪ್ರತಿ ಸೋಮವಾರ ಬೆಳಿಗ್ಗೆ ಅದರ ಟೈಮ್, ಪಕ್ಕದಲ್ಲಿ ಟೈಮ್ ಸರ್ವರ್‌ನ ಟೈಮ್, ಎರಡರ ವ್ಯತ್ಯಾಸ ಬರೆಯಿರಿ. ನಾನು ಹೇಳಿದ ಕಚೇರಿಯಲ್ಲಿ ಈಗ ಹಾಗೇ ಮಾಡುತ್ತಿದ್ದಾರೆ. ಆ ಹುಡುಗಿಯ ಅರ್ಧ ದಿನದ ಸಂಬಳ ಮುಂದಿನ ತಿಂಗಳು ವಾಪಸ್ ಬಂತು. ನೋಟ್‌ಬುಕ್ ಬರೆಯುವುದೂ ಈಗ ಆಕೆಯೇ.